ಆರನೆಯ ಕೋಣೆ

ಕೂಮ್ ಹೆಲಿಗ್, ವೇಲ್ಸ್
೩ ಮಾರ್ಚ್ ೨೦೨೫

ಪ್ರೀತಿಯ ಮೆನ್ನಾ ಅಕ್ಕ,

ಮೊಣಕಾಲು ಹೇಗಿದೆ? ಜನವರಿಯಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನೀನು ಕಳಿಸಿದ ಬಾರಾ ಬ್ರಿತ್ ಕೇಕ್ ಮುಟ್ಟಿತು. ನಮ್ಮ ಹ್ಯೂ ಒಬ್ಬನೇ ಅರ್ಧ ಮುಗಿಸಿ, "ನಿಮ್ಮಕ್ಕನ ಕೈಗುಣ ನಿನಗೆ ಬರ್ಲಿಲ್ಲ ಬಿಡೇ" ಅಂದ. ನಗು ಬರಬೇಕಿತ್ತು. ಬರಲಿಲ್ಲ.

ಮೂರು ಕೌನ್ಸಿಲ್‌ಗಳು ಸೇರಿ ನಮ್ಮ ಕಣಿವೆಯಲ್ಲಿ ಮಕ್ಕಳಿಗೊಂದು ಮನೆ ಮಾಡುತ್ತಿವೆ ಎಂದು ಬರೆದಿದ್ದೆನಲ್ಲ, ಅದು ಸಿದ್ಧವಾಗಿದೆ. ಯಾವ ಒಂದು ಕೌನ್ಸಿಲ್ಲಿನಿಂದಲೂ ಒಂಟಿಯಾಗಿ ಆಗುವ ಕೆಲಸವಲ್ಲ ಅದು. ಮಾತು ಬಾರದ, ಸದಾ ಇಬ್ಬರು ಜೊತೆಗಿರಬೇಕಾದ ಆರು ಮಕ್ಕಳಿಗೆ ಆರು ಕೋಣೆ. ಐದು ತುಂಬಿವೆ. ಆರನೆಯದು ನಮ್ಮ ಮಾಬ್ಲಿಗೆ ಸಿಗದಿದ್ದರೆ ಅವಳನ್ನು ಇಂಗ್ಲೆಂಡಿನ ಆ ತುದಿಗೆ ಕಳಿಸುತ್ತಾರೆ, ಕಾರಿನಲ್ಲಿ ಆರು ಗಂಟೆ ದಾರಿ. ಮಗಳು ಹದಿಮೂರಕ್ಕೇ ನನಗಿಂತ ಎತ್ತರ ಬೆಳೆದಿದ್ದಾಳೆ. ಅವಳನ್ನು ತಡೆಯಲು ಹೋಗಿ ಹ್ಯೂನ ಮುಂಗೈ ಮುರಿದ ಮೇಲೆ ಮನೆಯಲ್ಲಿಟ್ಟುಕೊಳ್ಳುವ ಶಕ್ತಿ ನಮಗೆ ಉಳಿದಿಲ್ಲ, ನಿನಗೆ ಗೊತ್ತೇ ಇದೆ.

ಆ ಮನೆಗೆ ಮಕ್ಕಳನ್ನು ಆರಿಸುವ ಸಮಿತಿಯಲ್ಲಿ ತಾಯಂದಿರ ಪರವಾಗಿ ನಾನೂ ಒಬ್ಬಳು. ಹಾಳೆಯಲ್ಲಿ ಹೆಸರು, ಊರು, ಹೆಣ್ಣೋ ಗಂಡೋ, ಏನೂ ಇರುವುದಿಲ್ಲ. ಇದ್ದರೆ ಮೂರು ಕೌನ್ಸಿಲ್ಲಿನವರೂ ತಮ್ಮ ತಮ್ಮ ಮಕ್ಕಳ ಕಡೆಗೇ ಎಳೆಯುತ್ತಾರೆ. ಮಗು ಎ, ಮಗು ಬಿ, ಹಾಗೆ. ಮಾಬ್ಲಿಯ ಸರದಿ ಮಾರ್ಚಿನಲ್ಲಿ, ಆ ದಿನ ನಾನು ಹೊರಗಿರಬೇಕು ಎಂದು ಮಾತಾಗಿತ್ತು.

ಹೋದ ಗುರುವಾರ ಮಗು ಎಚ್‌ನ ಹಾಳೆ ಬಂತು. ಕಚ್ಚುತ್ತದೆ. ಗಾಜು ಒಡೆಯುತ್ತದೆ. ಮಲವನ್ನು ಗೋಡೆಗೆ ಬಳಿಯುತ್ತದೆ. ತಾನಾಗಿ ಯಾರ ಬಳಿಯೂ ಹೋಗುವುದಿಲ್ಲ. "ಅಯ್ಯೋ, ಇಂಥದ್ದನ್ನ ಆ ಮಕ್ಕಳ ಮಧ್ಯೆ ಬಿಡ್ತೀರಾ? ಬೇಡವೇ ಬೇಡ" ಅಂದೆ. ಕೋಣೆ ಖಾಲಿ ಉಳಿದರೆ ಮಾಬ್ಲಿಗೇ ಎಂದು ಒಳಗೊಳಗೇ ಆಸೆಪಟ್ಟದ್ದೂ ನಿಜ. ಅಧ್ಯಕ್ಷ ಪ್ರಾಬರ್ಟ್ ಕನ್ನಡಕ ತೆಗೆದು, "ಒಬ್ಬ ತಾಯಿನೇ ಹೀಗಂದ್ಮೇಲೆ ನಾವೇನ್ರೀ ಹೇಳೋದು" ಅಂದ. ಬೇಡ ಎಂದೇ ಎಲ್ಲರ ಕೈ ಎದ್ದವು. ಮೊದಲು ಎದ್ದದ್ದು ನನ್ನದು.

ಸಂಜೆ ನಮ್ಮ ಸಮಾಜ ಕಾರ್ಯಕರ್ತೆ ಷಾನ್ ಮನೆಗೆ ಬಂದಳು. ಕೋಟನ್ನೂ ಬಿಚ್ಚಲಿಲ್ಲ. "ಎಲೆರಿ, ಸ್ವಲ್ಪ ಕೂತ್ಕೊಳ್ಳಿ. ಆಫೀಸಲ್ಲಿ ಯಾರೋ ತಿಂಗಳು ಮೊದಲೇ ಸೇರಿಸಿಬಿಟ್ಟಿದಾರೆ. ಅದು ಮಾಬ್ಲಿ ಹಾಳೆ."

"ಯಾವುದು?"

"ಎಚ್."

ನಾನು ಎದ್ದುಹೋಗಿ ಚಹಾಕ್ಕೆ ನೀರಿಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ಗುರುತೇ ಹತ್ತಲಿಲ್ಲ ಅಕ್ಕ.

ಆ ಹಾಳೆಯ ಮಾತೆಲ್ಲ ಹೋದ ವರ್ಷ ನಾನೇ ಹೇಳಿ ಬರೆಸಿದ್ದು. "ಕೆಟ್ಟ ದಿನಗಳನ್ನ ಮಾತ್ರ ಹೇಳಿ. ಒಳ್ಳೇದು ಹೇಳಿದ್ರೆ, ಹಾಗಾದ್ರೆ ಮನೇಲೇ ನೋಡ್ಕೊಳ್ಳಿ ಅಂತಾರೆ" ಎಂದು ಷಾನ್ ಎಚ್ಚರಿಸಿದ್ದಳು. ನಾವು ತಾಯಂದಿರೆಲ್ಲ ಹಾಗೇ ಬರೆಸುವುದು. ಕಚೇರಿಯವರು 'ಅವಳು' ಇದ್ದ ಕಡೆಯೆಲ್ಲ 'ಮಗು' ಎಂದು ಹಾಕಿದ್ದಾರೆ, ಅಷ್ಟೇ. ಸುಳ್ಳು ಒಂದೂ ಇಲ್ಲ.

ಹ್ಯೂ ಬೈಯಲಿಲ್ಲ. "ನಾನಿದ್ರೂ ಬೇಡ ಅಂತಿದ್ದೆ ಕಣೇ" ಅಂದ. ಸಮಾಧಾನಕ್ಕೆ ಹೇಳಿದನೋ ನಿಜವೋ, ಕೇಳಲಿಲ್ಲ. ನನಗೆ ಅಳುವೂ ಬಂದಿಲ್ಲ. ಪಾತ್ರೆ ತೊಳೆಯುತ್ತೇನೆ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತೇನೆ. ಈಗ ಅವಳು ಪಕ್ಕದ ಕೋಣೆಯ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಾಳೆ.

ಶುಕ್ರವಾರ ಪ್ರಾಬರ್ಟ್ ಫೋನ್ ಮಾಡಿದ್ದ. ಆ ತೀರ್ಮಾನ ರದ್ದಂತೆ. ನನ್ನನ್ನು ಸಮಿತಿಯಿಂದ ಬಿಟ್ಟು, ಇಪ್ಪತ್ತನೆಯ ತಾರೀಖು ಮತ್ತೆ ಕೂರುತ್ತಾರಂತೆ. ಮಾಬ್ಲಿಗೆ ಇರುವುದು ಅದೊಂದೇ ದಿನ.

ಭಾವನಿಗೆ ನನ್ನ ನೆನಪು ಹೇಳು. ನಿನ್ನ ಮಕ್ಕಳು ಎಲ್ಲೇ ಇರಲಿ, ದೇವರು ಅವರನ್ನು ಕೈಬಿಡದಿರಲಿ.

ನಿನ್ನ ತಂಗಿ,
ಎಲೆರಿ

ತಾ.ಕ.: ಹಾಳೆಯ ಜೊತೆಗೆ ಮನೆಯವರು ಅರ್ಧ ಪುಟ ಬರೆದು ಕೊಡಬಹುದಂತೆ, ಮಾಬ್ಲಿಯಲ್ಲಿರುವ ಒಳ್ಳೆಯದರ ಬಗ್ಗೆ. ಶನಿವಾರದಿಂದ ಪೆನ್ನು ಹಿಡಿದು ಕೂತಿದ್ದೇನೆ. 'ಬೆಚ್ಚಗಿನ ಟವೆಲ್ ಇಷ್ಟ' ಎಂದು ಬರೆದೆ. ಅದರ ಮುಂದೆ ಒಂದೂ ನೆನಪಾಗುತ್ತಿಲ್ಲ. ಆರು ವರ್ಷದವಳಿದ್ದಾಗ ಒಂದು ಬೇಸಿಗೆಯೆಲ್ಲ ನಿನ್ನ ಹತ್ತಿರ ಇದ್ದಳಲ್ಲ, ನಿನಗೆ ಏನಾದರೂ ನೆನಪಿದ್ದರೆ ಬರೆದು ಕಳಿಸು. ಫೋನ್ ಮಾಡಬೇಡ. ನೀನು ಬರೆದದ್ದನ್ನು ನನ್ನ ಕೈಬರಹದಲ್ಲಿ ನಕಲು ಮಾಡಿ ಕೊಡುತ್ತೇನೆ.