ಎಣ್ಣೆ ರುಚಿ ನೋಡುವವಳ ಗಂಟಲು

ನವೆಂಬರ್ ೯, ಬೆಳಿಗ್ಗೆ ೭
ಈ ಸಲದ ಮೊದಲ ಆಲಿವ್ ಎಣ್ಣೆ ಇಳಿಯಿತು. ಐದು ನೀಲಿ ಲೋಟ ಮುಂದಿಟ್ಟರು. ರುಚಿ ನೋಡುವ ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ನನ್ನ ಬೆರಳೇ ಮಂಜುಗಡ್ಡೆ. ಬಿಸಿನೀರಿನ ಬಟ್ಟಲಲ್ಲಿಟ್ಟೆ. ಯಾರೂ ನೋಡಲಿಲ್ಲ.
ಒಳ್ಳೆಯ ಹೊಸ ಎಣ್ಣೆ ಗಂಟಲಲ್ಲಿ ಚುರುಕ್ ಎನ್ನಬೇಕು. ಹತ್ತೊಂಬತ್ತು ವರ್ಷದಿಂದ ಆ ಚುರುಕೇ ನನ್ನ ಅನ್ನ. ಇವತ್ತು ಐದೂ ಒಂದೇ ಥರ ಉರಿದವು. ಎಣ್ಣೆ ಹೋಗುವ ಮೊದಲೇ ಉರಿ ಅಲ್ಲಿತ್ತು.
ಸ್ಕ್ಲೆರೋಡರ್ಮಾ ಎಂದು ಹೆಸರು ತಿಳಿದು ಎರಡು ವರ್ಷ. ಚರ್ಮ ಬಿಗಿಯುವ ರೋಗ, ಅಷ್ಟೇ ಅಂದುಕೊಂಡಿದ್ದೆ...

ನವೆಂಬರ್ ೧೭
ನಾನು ಒಪ್ಪಿದ ಮೂರನೇ ತೊಟ್ಟಿಯ ಎಣ್ಣೆ ಮುಗ್ಗಲು. ಕೊಂಡವರು ವಾಪಸ್ ಕಳಿಸಿದರು. ಗಾಣದ ಮಾಲೀಕ, ನಮ್ಮ ಮುನ್ಸಿಫ್, ಬಾಗಿಲು ಮುಚ್ಚಿ ನನ್ನನ್ನು ಕೂರಿಸಿದ.
"ಮಬ್ರೂಕಾ ಅಕ್ಕಾ, ಅದು ಲಾರಿ ಡ್ರೈವರ್‌ಗೂ ಗೊತ್ತಾಯ್ತು. ನಿಮಗೆ ಗೊತ್ತಾಗ್ಲಿಲ್ವಾ?"
"ನೆಗಡಿ."
"ಹೋದ ವಾರನೂ ನೆಗಡಿ ಅಂದ್ರಿ. ಡಾಕ್ಟರ್ ಹತ್ರ ಹೋಗಿ ಬನ್ನಿ. ನಾನು ಬೈತಿಲ್ಲ."
ಬೈದಿದ್ದರೆ ಚೆನ್ನಾಗಿತ್ತು. ಬಾಯಲ್ಲಿ ಸದಾ ನನ್ನದೇ ಹುಳಿ. ಅದನ್ನು ದಾಟಿ ಏನೂ ತಿಳಿಯುವುದಿಲ್ಲ. ಹೇಗೆ ಹೇಳಲಿ?

ನವೆಂಬರ್ ೨೫
ಮೂಗಿನಿಂದ ನಳಿಕೆ ಇಳಿಸಿ ಗುಟುಕು ಗುಟುಕಾಗಿ ನೀರು ನುಂಗಿಸಿದರು. ಡಾಕ್ಟರಮ್ಮ ಪರದೆ ತೋರಿಸಿದರು. ಮೇಲೆ ಒಂದು ಅಲೆ. ಕೆಳಗೆ ಸಪಾಟು.
"ಚರ್ಮದ ಬಿಗಿತ ಒಳಗೂ ಇಳಿದಿದೆ, ಅನ್ನನಾಳ ತಳ್ತಾನೇ ಇಲ್ಲಮ್ಮ. ನುಂಗಿದ್ದು ತನ್ನ ಭಾರಕ್ಕೆ ತಾನೇ ಇಳೀತಿದೆ. ಹೊಟ್ಟೆ ಬಾಗಿಲೂ ಸಡಿಲ, ಅದಕ್ಕೇ ಹುಳಿ ಮೇಲೆ ಬರ್ತಿದೆ."
"ಮತ್ತೆ ತಳ್ಳುತ್ತಾ?"
ಅವರು ಮಾತ್ರೆ ಬರೆಯತೊಡಗಿದರು.

ನವೆಂಬರ್ ೨೬
ಲೇಬಲ್ ಅಂಟಿಸುವ ಕೋಣೆಗೆ ಹಾಕಿದರು. ಕುರ್ಚಿ ಕೊಟ್ಟರು. ಬೆರಳು ಮಡಚುವುದಿಲ್ಲ — ಲೇಬಲ್ಲೆಲ್ಲ ಓರೆ.

ಡಿಸೆಂಬರ್ ೧೯
ಮಗಳು ಇಬ್ತಿಸಾಮ್ ಸ್ನಾನ ಮಾಡಿ ಬರುವಾಗ ಟವೆಲ್ ಜಾರಿತು. ಅವಳ ತೊಡೆಯ ಮೇಲೆ ಅಂಗೈಯಗಲ ಬಿಳಿ ಮಚ್ಚೆ. ಮೇಣದ ಹೊಳಪು. ಮುಟ್ಟಿದೆ. ಗಟ್ಟಿ.
"ಯಾವಾಗಿಂದ?"
"ಬೇಸಿಗೆಯಿಂದ."
"ಹೇಳೋಕೇನಾಗಿತ್ತೇ ನಿಂಗೆ?"
"ಹೇಳಿದ್ರೆ ನೀನು ಹೀಗೆ ನೋಡ್ತೀಯ ಅಂತ."
ಹದಿನಾರು ವರ್ಷ ಅವಳಿಗೆ.

ಡಿಸೆಂಬರ್ ೨೯
ಅದೇ ಡಾಕ್ಟರಮ್ಮ. "ಇದು ನಿಮ್ಮ ಥರದ್ದಲ್ಲ. ಒಂದೇ ಕಡೆ ನಿಲ್ಲೋ ಬಗೆ. ಚರ್ಮಕ್ಕಷ್ಟೇ."
ಬಸ್ಸಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ.
"ಒಳ್ಳೇ ಸುದ್ದಿಗೂ ಅಳ್ತೀಯಲ್ಲಮ್ಮ! ಎಲ್ರೂ ನೋಡ್ತಿದಾರೆ."
ನೋಡಲಿ.

ಜನವರಿ ೯, ಶುಕ್ರವಾರ
ಊಟಕ್ಕೆ ಹಬೆಯಲ್ಲಿ ಬೆಂದ ಗೋಧಿರವೆಯ ಕುಸ್ಕುಸ್, ಮೀನು. ನಾನು ಸಾರು ಮಾತ್ರ. ಇಬ್ತಿಸಾಮ್ ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದಳು. ಕತ್ತು ತುಸು ಮುಂದೆ ಚಾಚಿ, ಕಣ್ಣು ಮುಚ್ಚಿ ನುಂಗುವುದು, ಥೇಟ್ ನನ್ನಂತೆ...
"ನನ್ನ ಅಣಕಿಸ್ತಿದೀಯಾ?"
"ಇಲ್ಲಮ್ಮ."
ಚಮಚ ಕೆಳಗಿಟ್ಟಳು. ನಾನೂ ಇಟ್ಟೆ.

ಜನವರಿ ೨೧
ಅವಳಿಗೂ ನಳಿಕೆ. ಗೋಡೆಯಾಚೆ ಓಕರಿಸುವುದು ಕೇಳುತ್ತಿತ್ತು. ಒಳಗೆ ಬಿಡಲಿಲ್ಲ.
ಕೆಳಗಿನ ಅಲೆಗಳು ಸೋತಿವೆ.
"ಚರ್ಮಕ್ಕಷ್ಟೇ ಅಂದಿದ್ರಿ."
"ಈ ಬಗೆಯಲ್ಲೂ ಕೆಲವರಿಗೆ ಹೀಗಾಗತ್ತೆ. ಹೆಚ್ಚಾಗಿ ಇಷ್ಟಕ್ಕೇ ನಿಲ್ಲತ್ತೆ."
"ನಿಲ್ಲದಿದ್ರೆ?"
"ಆರು ತಿಂಗಳು ಬಿಟ್ಟು ನೋಡೋಣ."
ನನ್ನಿಂದ ಬಂತಾ ಎಂದು ಕೇಳಲಿಲ್ಲ. ಧೈರ್ಯ ಬರಲಿಲ್ಲ.

ಸಂಜೆ ೫
ಅಡುಗೆಮನೆಯಲ್ಲಿ ಪಕ್ಕಕ್ಕೆ ಬಂದು ಕೂತಳು.
"ಅಮ್ಮಾ, ನಿಂಗೆ ಮೊದ್ಲು ಯಾವುದು ಇಳೀದೆ ಹೋಯ್ತು, ಆಮೇಲೆ ಯಾವುದು... ಸಾಲಾಗಿ ಬರ್ದುಕೊಡು. ಅದನ್ನೆಲ್ಲ ಈಗ್ಲೇ ತಿಂದುಬಿಡ್ತೀನಿ."
ನಗುತ್ತಲೇ ಕೇಳಿದಳು. ಬಾಯಿ ಮುಚ್ಚು ಅನ್ನಬೇಕಿತ್ತು.  ಈ ಪುಸ್ತಕದಲ್ಲೇ ಬರೆಯುತ್ತಿದ್ದೇನೆ, ಹರಿದು ಕೊಡುತ್ತೇನೆ.
ಬೇಯಿಸಿದ ಮೊಟ್ಟೆ. ಒಣ ರೊಟ್ಟಿ. ಖರ್ಜೂರ. ಸುಟ್ಟ ಮೀನು. ಇವಳು ಹುಟ್ಟಿದ ದಿನ ನನ್ನಮ್ಮ ತಿನ್ನಿಸಿದಂಥ ಎಳ್ಳಿನ ಉಂಡೆ. ಆಮೇಲೆ...