ಹೋದ ವರ್ಷದಂತೆ ಆರು

ಹಡಪಸರ, ಪುಣೆ
18 ನವೆಂಬರ್ 2025, ಮಂಗಳವಾರ

ನನ್ನ ಮುದ್ದು ರೇಣು,

ಅಪ್ಪ ನಿನ್ನನ್ನು ಮನಸಾರೆ ಹರಸಿ ಬರೆಯುತ್ತಿರುವ ಕಾಗದವಿದು. ವಿಜಯಪುರದಲ್ಲಿ ನೀನು, ಅಳಿಯಂದಿರು, ನಮ್ಮ ಮೊಮ್ಮಗಳು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ನೀನು ಕಳಿಸಿದ ಸ್ವೆಟರ್ ಬಂದು ತಿಂಗಳಾಯಿತು. ಬಂತೆಂದು ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು. ಮೂವತ್ತೈದು ವರ್ಷ ಊರ ಮಂದಿಯ ಅರ್ಜಿಗಳನ್ನೆಲ್ಲ ಬರೆದವನಿಗೆ ಸ್ವಂತ ಮಗಳಿಗೆ ಬರೆಯುವಾಗ ಪೆನ್ನು ಏಳಲಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಥಂಡಿ ಭಾಳ ಅದ ಎಂದು ಮಾತು ಮರೆಸಿ ಫೋನು ಇಡುತ್ತೇನೆ. ಇಷ್ಟು ವರ್ಷ ಹಾಗೇ ಮಾಡಿದ್ದೇನೆ.

ನಿಮ್ಮ ಅವ್ವ ಗಟ್ಟಿಯಾಗಿದ್ದಾಳೆ. ಮೊಣಕಾಲು ನೋವೆಂದು ನನ್ನ ಮುಂದೆ ನರಳುತ್ತಾಳೆ, ಮೂರನೇ ಮಹಡಿಯವರ ಮನೆಯಲ್ಲಿ ಸಂಡಿಗೆ ಹಾಕಲು ಕರೆದರೆ ನನಗಿಂತ ಬೇಗ ಮೆಟ್ಟಿಲು ಹತ್ತುತ್ತಾಳೆ.

ಈಗ ದೊಡ್ಡ ಸುದ್ದಿ. ನೀನು ಕಲಿತ, ನಾನು ಹೆಡ್‌ ಕ್ಲಾರ್ಕ್ ಆಗಿ ನಿವೃತ್ತನಾದ ನಮ್ಮ ಶ್ರಮಜ್ಯೋತಿ ಪ್ರಶಾಲೆಗೆ ಸ್ಟೇಡಿಯಂ ಬಂದಿದೆ. ನೀವೆಲ್ಲ ಬರಿಗಾಲಲ್ಲಿ ಓಡುತ್ತಿದ್ದ ಆ ಕೆಂಪು ಮಣ್ಣಿನ ಬಯಲು ನೆನಪಿದೆಯಲ್ಲ? ಅಲ್ಲೀಗ ರಬ್ಬರಿನ ಟ್ರ್ಯಾಕು, ಎರಡು ಸಾವಿರ ನೀಲಿ ಕುರ್ಚಿಯ ಗ್ಯಾಲರಿ, ನಾಲ್ಕು ಮೂಲೆಗೆ ನಾಲ್ಕು ದೀಪದ ಕಂಬ. ಶಾಲೆಯಲ್ಲಿರುವ ಮಕ್ಕಳು ಒಂಬೈನೂರು. ಹನ್ನೊಂದು ಕೋಟಿ ಸರ್ಕಾರದ ಹಣ. ಗ್ಯಾಲರಿಯ ಕೆಳಗೆ ಅತಿಥಿಗಳಿಗೆ ತಂಪು ಗಾಳಿಯ ಕೋಣೆ, ಅದಕ್ಕೆ ಹೊಂದಿ ಹೊಳೆಯುವ ಟೈಲ್ಸಿನ ನಾಲ್ಕು ಬಾತ್‌ರೂಮು. ಪಕ್ಕದ ಕಟ್ಟಡದಲ್ಲಿ ಎಂಟನೆಯ ತರಗತಿಯವರು ಇನ್ನೂ ನೆಲದ ಮೇಲೆ ಕೂರುತ್ತಾರೆ, ಮಳೆಗಾಲದಲ್ಲಿ ಬಕೆಟ್ಟಿನ ಸುತ್ತ ಕೂರುತ್ತಾರೆ.

ಮುದುಕನಿಗೆ ಹೊಸದೆಂದರೆ ಹೊಟ್ಟೆಯುರಿ ಅಂದುಕೊಳ್ಳಬೇಡ. ಈ ಸ್ಟೇಡಿಯಂ ಬರಬೇಕೆಂದು ಓಡಾಡಿದವರಲ್ಲಿ ನಾನೂ ಒಬ್ಬ. ಹೆಡ್‌ಮಾಸ್ತರ ದಿಗಂಬರ ಸರ್ ಬಡತನದಲ್ಲಿ ಕಬಡ್ಡಿ ಆಡಿ ಬೆಳೆದವರು. ಖರಾಡಿಯ ಶ್ರೀಮಂತರ ಮಕ್ಕಳು ಓಡುವಂಥ ಟ್ರ್ಯಾಕಿನ ಮೇಲೆ ಗೌಂಡಿಗಳ ಮಕ್ಕಳೂ ಓಡಬೇಕೆಂದು ಅವರ ಆಸೆ. ಎರಡು ವರ್ಷದ ಹಿಂದೆ ಅನುದಾನದ ಅರ್ಜಿ ಬರೆದದ್ದು ನಾನೇ, ನಿವೃತ್ತಿಗೆ ಹದಿನೈದು ದಿನ ಮೊದಲು. ನನ್ನ ಅಕ್ಷರ ನೋಡಿದರೆ ಸಾಹೇಬರು ಎರಡನೇ ಪ್ರಶ್ನೆ ಕೇಳುವುದಿಲ್ಲ ಎಂದು ದಿಗಂಬರ ಸರ್ ಎಲ್ಲರೆದುರು ಹೊಗಳಿದರು. ನಾನು ಉಬ್ಬಿಹೋದೆ.

ಆ ಅರ್ಜಿಗೊಂದು ಷರತ್ತಿತ್ತು. ಮೂಲ ಸೌಕರ್ಯ ಪೂರ್ತಿ ಇರುವ ಶಾಲೆಗೆ ಮಾತ್ರ ಸ್ಟೇಡಿಯಂ. ಕೋಣೆ ಎಷ್ಟು, ನಳ ಎಷ್ಟು, ಹುಡುಗಿಯರ ಶೌಚಾಲಯ ಎಷ್ಟು ಎಂದು ಕೇಳಿದ್ದರು. ಪ್ರತಿ ಸೆಪ್ಟೆಂಬರಿನಲ್ಲಿ ನಾವು ತುಂಬುವ ವಾರ್ಷಿಕ ನಮೂನೆಯಲ್ಲೂ ಇದೇ ಪ್ರಶ್ನೆಗಳಿರುತ್ತವೆ. ನಮ್ಮಂಥ ಗುಮಾಸ್ತರು ಅದನ್ನು ತುಂಬುವ ರೀತಿ ನಿನಗೆ ಗೊತ್ತಿಲ್ಲ. ಹಳೆಯ ನಮೂನೆ ಎಡಗಡೆ, ಹೊಸದು ಬಲಗಡೆ. ಮಕ್ಕಳ ಸಂಖ್ಯೆ ಮಾತ್ರ ಹೊಸದಾಗಿ ಎಣಿಸುವುದು, ಉಳಿದದ್ದು ಹೋದ ವರ್ಷದಂತೆ. ಯಾರೂ ಎದ್ದು ಹೋಗಿ ಗೋಡೆ, ಬಾಗಿಲು ಎಣಿಸುವುದಿಲ್ಲ. ಬೇರೆ ಅಂಕಿ ಬರೆದರೆ ಕಾರಣ ಬರೆಯಬೇಕು, ಕಾರಣ ಬರೆದರೆ ಮೇಲಿನಿಂದ ಪತ್ರ ಬರುತ್ತದೆ. ಅದಕ್ಕೇ ಹುಡುಗಿಯರ ಶೌಚಾಲಯ ಎಂಬ ಸಾಲಿನಲ್ಲಿ ನಾನು ವರ್ಷವರ್ಷವೂ ಆರು ಎಂದು ಬರೆದೆ, ಅನುದಾನದ ಅರ್ಜಿಯಲ್ಲೂ ಅದನ್ನೇ ಇಳಿಸಿದೆ. ಆರರಲ್ಲಿ ನಾಲ್ಕು 2009ರಲ್ಲೇ ನೆಲ ಕುಸಿದು ಮುಚ್ಚಿದ್ದವು. ಬಾಗಿಲಿಗೆ ತಗಡು ಹೊಡೆದಿದ್ದರು. ಇದ್ದದ್ದು ಎರಡು.

ಇಲ್ಲಿಗೆ ಮುಗಿದಿದ್ದರೆ ಅದು ಬೇರೆ ಮಾತಾಗುತ್ತಿತ್ತು. ಗ್ಯಾಲರಿಯ ದೊಡ್ಡ ಗೇಟು ಬರುವ ಜಾಗದಲ್ಲೇ ಆ ಎರಡೂ ಇದ್ದವು. ಎಂಜಿನಿಯರು ಕಾಗದ ನೋಡಿದ. ಆರರಲ್ಲಿ ಎರಡು ಕೆಡವಿದರೆ ನಾಲ್ಕು ಉಳಿಯುತ್ತವೆ, ಸಾಕು ಎಂದ. ಜೂನ್‌ನಲ್ಲಿ ಕೆಡವಿದರು. ಕಾಗದದಲ್ಲಿ ಉಳಿದ ಆ ನಾಲ್ಕು, ತಗಡು ಹೊಡೆದು ಮುಚ್ಚಿದವೇ. ಈಗ ನಾನೂರಾ ಮೂವತ್ತು ಹುಡುಗಿಯರಿಗೆ ಒಂದೂ ಇಲ್ಲ. ಹೊಸ ಬಾತ್‌ರೂಮುಗಳಿಗೆ ಬೀಗ. ಮಕ್ಕಳು ಟೈಲ್ಸು ಕೆಡಿಸಿಯಾರು, ಉದ್ಘಾಟನೆ ಆಗಲಿ, ಆಮೇಲೂ ಪಂದ್ಯವಿದ್ದ ದಿನ ಮಾತ್ರ ತೆರೆಯುವುದು ಎಂದು ಹೇಳಿದ್ದಾರೆ.

ಇದೆಲ್ಲ ನನಗೆ ಗೊತ್ತಾದದ್ದು ಅಕ್ಟೋಬರ್‌ ಕೊನೆಗೆ. ಉದ್ಘಾಟನೆಯ ಆಮಂತ್ರಣದ ಮೇಲೆ ಹೆಸರು ಬರೆಯಲು ದಿಗಂಬರ ಸರ್ ಕರೆದಿದ್ದರು. ಗ್ಯಾಲರಿಯ ನೆರಳಲ್ಲಿ ಕುಳಿತು ಬರೆಯುತ್ತಿದ್ದೆ. ಉದ್ಘಾಟನೆಯ ದಿನ ಓಡಲು ಹುಡುಗಿಯರು ತಾಲೀಮು ನಡೆಸಿದ್ದರು. ಮುಂದಿದ್ದವಳು ಒಂಬತ್ತನೆಯ ತರಗತಿಯ ಹುಲಿಗೆವ್ವ. ಎಂಥ ಓಟ ರೇಣು! ನನ್ನ ಪೆನ್ನು ನಿಂತೇಹೋಯಿತು. ಮೂರನೆಯ ಸುತ್ತಿಗೆ ಆ ಹುಡುಗಿ ಬಿದ್ದಳು. ಎತ್ತಿ ನೀರು ಕೊಟ್ಟರೆ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಅಲ್ಲೇ ಕುರ್ಚಿಗಳ ಕೆಳಗೆ ಸಿಮೆಂಟ್ ಬುಟ್ಟಿ ಹೊರುತ್ತಿದ್ದ ಹೆಂಗಸು ಬುಟ್ಟಿ ಒಗೆದು ಓಡಿಬಂದಳು. ಹುಲಿಗೆವ್ವನ ತಾಯಿ ಶರಣಮ್ಮ, ಯಾದಗಿರಿ ಕಡೆಯವಳು.

"ಮುಂಜಾನಿಂದ ಹನಿ ನೀರು ಕುಡಿಯಂಗಿಲ್ರಿ ಅಕಿ," ಎಂದಳು. "ಕುಡದ್ರ ಎಲ್ಲಿ ಹೋಗಬೇಕ್ರಿ? ಸಾಲ್ಯಾಗ ಜಾಗಾ ಇಲ್ಲ. ನಮ್ಮ ತಗಡಿನ ಪತ್ರಾಶೆಡ್ಡಿನ ಹಿಂದ ಹೋಗತಿದ್ರು ಹುಡಿಗ್ಯಾರು, ಅಲ್ಲಿ ಗಂಡಸರು ನಿಂತು ನಗತಾರ. ಎರಡ ಸಲ ದವಾಖಾನಿ ಆತ್ರಿ. ಡಾಕ್ಟರು ನೀರ ಕುಡೀ ಅಂತಾನ, ಸಾಲಿ ಕುಡೀಬ್ಯಾಡ ಅಂತದ."

ನಾನು ಕ್ಲಾರ್ಕ್ ಎಂದು ಯಾರೋ ಹೇಳಿದರು. ಅವಳು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಂದೆ ಬಂದಳು. "ಎಲ್ಲಾರ ಅರ್ಜಿ ನೀವ ಬರೀತಿದ್ರಂತಲ್ರಿ ಸಾಹೇಬ್ರ. ನಂದೂ ಒಂದ ಬರದ ಕೊಡ್ರಿ. ಹೆಬ್ಬಟ್ಟ ಒತ್ತತೀನಿ."

ಬರೆದುಕೊಟ್ಟೆ. ಚೆನ್ನಾಗಿಯೇ ಬರೆದೆ. ಅನುದಾನ ಕೊಟ್ಟ ಕಚೇರಿಯಿಂದ ಹತ್ತೇ ದಿನಕ್ಕೆ ಉತ್ತರ ಬಂತು. ಅವಳಿಗೆ ಓದಲು ಬರುವುದಿಲ್ಲ, ಹಾಗಾಗಿ ನಾನೇ ಓದಿ ಹೇಳಬೇಕಾಯಿತು. ಶಾಲೆಯ ಅಧಿಕೃತ ನಮೂನೆಯ ಪ್ರಕಾರ ಶೌಚಾಲಯ ಆರು, ತೆಗೆದದ್ದು ಎರಡು, ಉಳಿದದ್ದು ನಾಲ್ಕು, ಆದ್ದರಿಂದ ಅರ್ಜಿ ವಿಲೇವಾರಿ ಮಾಡಲಾಗಿದೆ. ಜೊತೆಗೆ ನಮೂನೆಯ ಪ್ರತಿ ಇಟ್ಟಿದ್ದರು. ಆ ದುಂಡಗಿನ ಅಂಕಿ ನನ್ನದೇ. "ಯಾರ್ರಿ ಸಾಹೇಬ್ರ ಇಂಥಾ ಸುಳ್ಳ ಬರದಾವ?" ಎಂದಳು ಶರಣಮ್ಮ. ನಾನು ಅಂದೆ, "ನಾನವ್ವಾ." ಅವಳು ಬೈಯಲಿಲ್ಲ. ನಂಬಲೇ ಇಲ್ಲ. ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡು ಆ ಪ್ರತಿಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಬರುವ ಸೋಮವಾರ, 24ಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ ತಪಾಸಣೆಯ ಅಧಿಕಾರಿಗಳು ಬರುತ್ತಾರೆ. ಎಲ್ಲ ಸರಿ ಇದೆ ಎಂದು ಅವರು ಸಹಿ ಮಾಡಿದರೆ ಕೊನೆಯ ಕಂತು ಬರುತ್ತದೆ, 30ಕ್ಕೆ ಉದ್ಘಾಟನೆ. ಅವರು ಸಹಿ ಮಾಡುವ ಮೊದಲು ಅವರ ಕೈಗೆ ನನ್ನ ಅಫಿಡವಿಟ್ಟು ಕೊಡುತ್ತೇನೆ. ಆರು ಎಂಬುದು ಸುಳ್ಳು, ಬರೆದವನು ನಾನು, ಇಂಥ ವರ್ಷದಿಂದ ಇಂಥ ವರ್ಷದವರೆಗೆ. ಅತಿಥಿಗಳ ಬಾತ್‌ರೂಮಿನ ಬೀಗ ಅಂದೇ ತೆಗೆದು ಹುಡುಗಿಯರಿಗೆ ಬಿಡಬೇಕು, ಕೊನೆಯ ಕಂತಿನಲ್ಲಿ ಮೊದಲು ಶೌಚಾಲಯ ಕಟ್ಟಬೇಕು, ಆಮೇಲೆ ದೀಪ ಹಚ್ಚಲಿ, ತೆಂಗಿನಕಾಯಿ ಒಡೆಯಲಿ. ನಾನೇ ಹೋಗಿ ಚಪ್ಪಾಳೆ ತಟ್ಟುತ್ತೇನೆ. ಶರಣಮ್ಮ ಇನ್ನೂ ಹದಿನೇಳು ಜನ ತಾಯಂದಿರನ್ನು ಕರೆತರುತ್ತಾಳೆ. ಅಂದು ಅವರ ಪಗಾರ ಹೋಗುತ್ತದೆ. ಹೋಗಲಿ ಎಂದಿದ್ದಾರೆ.

ದಿಗಂಬರ ಸರ್ ನಿನ್ನೆ ಮನೆಗೆ ಬಂದಿದ್ದರು. ಕೂಗಾಡಲಿಲ್ಲ, ಕಣ್ಣಲ್ಲಿ ನೀರು ತಂದುಕೊಂಡರು. ಶಾಲೆಯ ಹೆಸರು ಹೋಗುತ್ತದೆ, ಕೊನೆಯ ಕಂತು ಬಾರದೆ ಟ್ರ್ಯಾಕಿಗೆ ಬೀಗ ಬಿದ್ದರೆ ಇದೇ ಹುಲಿಗೆವ್ವ ಎಲ್ಲಿ ಓಡುತ್ತಾಳೆ ಎಂದು ಕೇಳಿದರು. ಪಾಪ, ಕೆಟ್ಟವರಲ್ಲ ಅವರು. ಕೊನೆಗೆ ನನ್ನ ಕೈ ಹಿಡಿದು, "ಅಪ್ಪಾಸಾಹೇಬ, ನಿದಾನ ಚುಕೂನ್ ಝಾಲಂ ಅಸಂ ತರೀ ಲಿಹಾ," ಎಂದರು. ಕಡೇಪಕ್ಷ ತಪ್ಪಿ ಆಯಿತೆಂದಾದರೂ ಬರೆಯಿರಿ ಎಂದು. ಅಫಿಡವಿಟ್ಟಿಗೆಂದು ನಾನು ಕಂಡ ವಕೀಲರ ಸಲಹೆಯೂ ಅದೇ. ನಜರ್‌ಚುಕಿ, ಕಣ್ತಪ್ಪು ಎಂಬ ಒಂದು ಶಬ್ದ ಇದ್ದರೆ ನನ್ನ ಪಿಂಚಣಿಗೆ ಧಕ್ಕೆ ಇಲ್ಲ. ಗೊತ್ತಿದ್ದೂ ಬರೆದೆ ಎಂದರೆ ಅದು ಅಪರಾಧ, ಪಿಂಚಣಿ ನಿಲ್ಲಬಹುದು, ಕೇಸೂ ಆಗಬಹುದು. ವಕೀಲರು ಟೈಪ್ ಮಾಡಿಸಿ ಕೊಟ್ಟ ಕರಡಿನಲ್ಲಿ ಆ ಶಬ್ದವಿತ್ತು. ನಾನು ಅದನ್ನು ಹೊಡೆದುಹಾಕಿದೆ. ಕಣ್ತಪ್ಪು ಎಂದು ಬರೆಯಲು ನನಗೆ ಆಗುವುದಿಲ್ಲ. ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ, ಹೇಳಲೇಬೇಕು.

ನಿಮ್ಮ ಅವ್ವನಿಗೆ ಹೇಳಿದೆ. ಅತ್ತು ಕರೆದು ಮಾಡುತ್ತಾಳೆಂದು ಅಂಜಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ಪಿಂಚಣಿ ನಿಂತ್ರ ನಿಲ್ಲಲಿ. ಶೇಂಗಾ ಹೋಳಿಗಿ ಮಾಡಿ ಮಾರತೀನಿ. ನಿಮ್ಮನ್ನ ಕ್ಯಾಶ್ ಕೌಂಟರಿನ್ಯಾಗ ಕೂಡಸಂಗಿಲ್ಲ ಅಷ್ಟ, ನೀವು ಹೋದ ವರ್ಷದ ರೇಟ್ ಹಚ್ಚತೀರಿ," ಎಂದಳು. ನಕ್ಕೆ. ಆಮೇಲೆ ಅವಳು ತಿರುಗಿ ನೋಡಿ ಕೇಳಿದಳು, "ರೇಣೂಗ ಬರದ್ರ್ಯಾ? ಮದ್ಲ ಅಕಿಗಿ ಬರೀರಿ. ಆಮ್ಯಾಲ ಸರ್ಕಾರಕ್ಕ." ಹಾಗೆ ಈ ಕಾಗದ ಶುರುವಾಯಿತು.

ನನ್ನ ಚಿಂತೆ ಮಾಡಬೇಡ. ಹೆದರಿಕೆ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಕಾಲು ಹಿಂದಕ್ಕೆ ಹೋಗುವುದಿಲ್ಲ. ಹೋಗಬಾರದೆಂದೇ ನಿನಗೆ ಬರೆದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಗುರುವಾರಕ್ಕೆ ನಿನ್ನ ಕೈ ಸೇರುತ್ತದೆ. ಒಮ್ಮೆ ನೀನು ಓದಿದ ಮೇಲೆ ನಾನು ಮನೆಯಲ್ಲಿ ಕೂರುವಂತಿಲ್ಲ.

ಮೊಮ್ಮಗಳ ತಲೆ ಸವರಿ ನನ್ನದೊಂದು ಮುತ್ತು ಕೊಡು. ಅಳಿಯಂದಿರಿಗೆ ನಮ್ಮಿಬ್ಬರ ನಮಸ್ಕಾರ ಹೇಳು. ನಿನ್ನ ಮನೆ, ನಿನ್ನ ಶಾಲೆ, ನಿನ್ನ ಕೈಯಲ್ಲಿ ಕಲಿಯುವ ಮಕ್ಕಳು ಎಲ್ಲ ತಂಪಾಗಿರಲಿ.

ನಿನ್ನ ಅಪ್ಪ,
ಅಪ್ಪಾಸಾಹೇಬ

ತಾ.ಕ.: ನೀನೂ ಒಂಬತ್ತನೆಯ ತರಗತಿಯಲ್ಲಿ ಓಡುತ್ತಿದ್ದೆ. ಜಿಲ್ಲಾ ಆಯ್ಕೆಗೆ ಒಂದು ದಿನ ಮೊದಲು ನೀನು ಆಫೀಸಿಗೆ ಬಂದು ನನ್ನ ಕುರ್ಚಿಯ ಹಿಂದಿನ ಮೊಳೆಗೆ ತೂಗುಹಾಕಿದ್ದ ಸ್ಟಾಫ್ ಶೌಚಾಲಯದ ಕೀಲಿಕೈ ಕೇಳಿದೆ. "ಎರಡ ಅದಾವ ಅಪ್ಪಾ, ಪಾಳಿ ಭಾಳ ಅದ, ನನಗ ತಡಿಯಾಕ ಆಗವಲ್ದು," ಎಂದೆ. ಆಗಿನ ಹೆಡ್‌ಮಾಸ್ತರರು ಕುಳಿತಿದ್ದರು, ಇಬ್ಬರು ಪಾಲಕರಿದ್ದರು. ಕ್ಲಾರ್ಕಿನ ಮಗಳಿಗೆ ಬೇರೆ ಕಾಯದೆ ಎಂದು ಯಾರೂ ಅನ್ನಬಾರದೆಂದು ನಾನು ಎಲ್ಲರಿಗೂ ಕೇಳುವಂತೆ, "ಎಲ್ಲಾರ ಹಂಗ ಪಾಳಿ ಹಚ್ಚು, ಹೋಗು," ಎಂದೆ. ಅವರು ಮೆಚ್ಚಿ ತಲೆಯಾಡಿಸಿದರು. ಮರುದಿನ ನೀನು ಆಯ್ಕೆಗೆ ಹೋಗಲಿಲ್ಲ, ಮುಂದೆಂದೂ ಓಡಲಿಲ್ಲ. ನಿನ್ನನ್ನು ಮೈಗಳ್ಳಿ ಎಂದು ಬೈದೆ. ಅವತ್ತು ತರಗತಿಯಲ್ಲಿ ಏನಾಯಿತು, ನೀನು ಒದ್ದೆ ಲಂಗದಲ್ಲಿ ಹಿಂದಿನ ಗೇಟಿನಿಂದ ಹೇಗೆ ಮನೆಗೆ ಬಂದೆ ಎಂಬುದನ್ನು ನಿಮ್ಮ ಅವ್ವ ನನಗೆ ಹೇಳಿದ್ದು ಈಗ, ಹುಲಿಗೆವ್ವ ಬಿದ್ದ ಮೇಲೆ. ಆದರೆ ಎರಡೇ ಇವೆ ಎಂದು ನೀನು ಅವತ್ತೇ ಹೇಳಿದ್ದೆ. ಅದೇ ವಾರ ನಾನು ನಮೂನೆ ತುಂಬಿದೆ, ಆರು ಎಂದು ಬರೆದೆ.

ಅದಕ್ಕೇ ಅಫಿಡವಿಟ್ಟಿನಲ್ಲಿ ಕಣ್ತಪ್ಪು ಎಂಬುದರ ಜಾಗದಲ್ಲಿ ಹೀಗೆ ಬರೆದಿದ್ದೇನೆ: "ಈ ಅಂಕಿ ಸುಳ್ಳೆಂದು ನನಗೆ ತಿಳಿದದ್ದು 2010ರ ಸೆಪ್ಟೆಂಬರಿನಲ್ಲಿ, ನನ್ನ ಮಗಳು ರೇಣು ಬಂದು ಕೀಲಿಕೈ ಕೇಳಿದಾಗ." ನಿನ್ನ ಹೆಸರು ಅಲ್ಲಿರುವುದು ಬೇಡ ಅನ್ನಿಸಿದರೆ ಸೋಮವಾರ ಹತ್ತರೊಳಗೆ ಫೋನು ಮಾಡು. ಹೆಸರು ತೆಗೆದು ಒಬ್ಬ ವಿದ್ಯಾರ್ಥಿನಿ ಎಂದು ಬರೆಯುತ್ತೇನೆ. ಆ ಸಾಲನ್ನು ಮಾತ್ರ ತೆಗೆಯುವುದಿಲ್ಲ.