ಕೌದಿಯ ಹೊಟ್ಟೆಯೊಳಗಿನ ರೊಟ್ಟಿ

ಸೋದರತ್ತೆ ನೀಲವ್ವನಿಗೆ, ನಿನ್ನ ಅಂಜುಬುರುಕಿ ಸೊಸೆಯ ನಮಸ್ಕಾರ.

ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ, ಅತ್ತೀ. ನಿನ್ನ ಕೌದಿ ಈಗ ರಾಯಚೂರಿನ ಕಲಾ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ. ಅದು ಅಲ್ಲಿ ಸೇರುವಷ್ಟರಲ್ಲಿ ನನ್ನ ಜೀವ ಹೋಗಿ ಬಂತು. ಅದನ್ನೇ ಹೇಳಬೇಕು.

ಅರಕೇರಾದ ಮನೆಯ ಕಟ್ಟೆ ನೆನಪಿದೆಯೇ? ನಿನ್ನ ಮಗನ ಜೊತೆ ನನ್ನ ಮದುವೆ ಗೊತ್ತಾದಾಗ ನೀನು ಹಳೆಯ ಸೀರೆ, ಮಾವನ ಧೋತರ ಎಲ್ಲ ಹರಿದು, ಒಂದರ ಮೇಲೊಂದು ಹಾಸಿ ಹೊಲಿಯುತ್ತ ಕೂತಿದ್ದೆ. ನಟ್ಟನಡುವಿನ ಚೌಕದ ತುಂಡನ್ನು ಮೂರು ಕಡೆ ಹೊಲಿದು, ತೆರೆದ ಬಾಯೊಳಗೆ ಜೋಳದ ರೊಟ್ಟಿಯ ಚೂರೊಂದನ್ನು ತುರುಕಿದೆ.

“ಅತ್ತೀ, ಹುಳ ಬೀಳ್ತಾವಲ್ಲ!”

“ಕೌದಿ ಹಸಕೊಂಡಿರಬಾರದಬೇ. ಅದರ ಹೊಟ್ಟಿ ತುಂಬಿದ್ರ ಹೊದ್ದವರ ಹೊಟ್ಟೀನೂ ತುಂಬ್ತದ. ನೀ ಸುಮ್ಮನ ಸೂಜಿಗೆ ದಾರ ಪೋಣಸು.”

ಮಾನ್ವಿಯ ನಮ್ಮ ಮನೆಗೆ ಸಂಗ್ರಹಾಲಯದ ಶಬಾನಾ ಬಂದ ದಿನ ಆ ಮಾತು ಯಾಕೆ ನೆನಪಾಗಲಿಲ್ಲವೋ. ಹೆಂಗಸರ ಕೈಕೆಲಸ ಹುಡುಕಿಕೊಂಡು ಬಂದವಳು ಅವಳು. ಪೆಟ್ಟಿಗೆ ತೆರೆದು ತೋರಿಸಿದೆ. ಸವೆದೀತು, ಕೊಳೆಯಾದೀತು ಎಂದು ಒಂದು ದಿನವೂ ಹೊದೆಯದೆ, ನೀರು ತಾಗಿಸದೆ ಇಟ್ಟ ಕೌದಿ. ಅದಕ್ಕೆ ನೀನೆಷ್ಟು ಬೈದಿದ್ದೆ! ನಾಲ್ಕು ಮಂದಿ ನೋಡಲಿ ಎಂದು ಕೊಟ್ಟೆ. ಅವಳ ಗಾಡಿ ಓಣಿ ದಾಟಿದ ಮೇಲೆ ರೊಟ್ಟಿ ನೆನಪಾಯಿತು. ಅದರಲ್ಲಿ ಹುಳ ಇದ್ದರೆ? ಅವು ಪಕ್ಕದ ಚಿತ್ರಗಳಿಗೆ ಹತ್ತಿ, ಎಲ್ಲ ತಿಂದು, ಕೊನೆಗೆ ನಿನ್ನ ಹೆಸರಿಗೆ...

“ಪೊಲೀಸ್ರು ಬಂದ್ರ ಚಟ್ನಿ ಎಲ್ಲಿ ಅಂತ ಕೇಳ್ತಾರ ನೋಡು,” ಎಂದು ನಿನ್ನ ಮಗ ನಕ್ಕ. ನಾನು ಬಸ್ಸು ಹತ್ತಿದೆ.

ಆ ದೊಡ್ಡ ಕೋಣೆಗಳಲ್ಲಿ ನಡೆದಾಗ ಮೊದಮೊದಲು ಚಪ್ಪಲಿ ಸದ್ದಿಗೂ ಹೆದರಿಕೆ. ಅರ್ಧಕ್ಕೆ ಶಾಲೆ ಬಿಟ್ಟವಳು ನಾನು, ಚೀಟಿಗಳನ್ನು ಅಕ್ಷರ ಕೂಡಿಸಿ ಓದಿದೆ. ಬಣ್ಣದ ಚಿತ್ರಗಳ ಕೆಳಗೆ ಬರೆದವರ ಹೆಸರಿತ್ತು. ಕೆತ್ತಿದ ಬಾಗಿಲಿಗೆ, ಮಣ್ಣಿನ ಕುದುರೆಗೆ ಊರಿನ ಹೆಸರಷ್ಟೇ. ಕುದುರೆಯ ಕುತ್ತಿಗೆಯಲ್ಲಿ ಹೆಬ್ಬೆರಳ ಗುರುತೊಂದು ಹಾಗೇ ಉಳಿದಿತ್ತು. ಯಾರ ಬೆರಳು, ಅತ್ತೀ? ಊಟಕ್ಕೆ ಕರೆದರೆಂದು ಒರೆಸದೆ ಎದ್ದು ಹೋದನೋ ಏನೋ. ಅವನ ಮನೆಯಲ್ಲೂ ನನ್ನಂಥವಳೊಬ್ಬಳು ಒಡೆದೀತು, ಒಡೆದೀತು ಎಂದು ಹಿಂದೆ ಮುಂದೆ ಸುತ್ತಿರಬೇಕು.

ಶಬಾನಾ ಎದುರಾದಾಗ ತಡೆಯಲಾಗಲಿಲ್ಲ.

“ಒಳಗ ರೊಟ್ಟಿ ಅದರೀ!”

“ಊಟ ತರಂಗಿಲ್ಲರೀ ಅಕ್ಕಾರ, ಚೀಲ ಹೊರಗ ಇಟ್ಟು ಬರ್ರಿ.”

“ಚೀಲದಾಗಲ್ಲರೀ ಯವ್ವಾ, ಕೌದ್ಯಾಗ!”

ಅವಳು ತನ್ನ ಸಾಹೇಬರನ್ನು ಕರೆತಂದಳು. ಅವರು ಮೇಜಿನ ಮೇಲಿದ್ದ ಕೌದಿ ನೋಡಿ, “ಬಿಚ್ಚಿ ತೆಗೀರಿ,” ಎಂದರು. ಬಿಚ್ಚಿದರೆ ನೀನು ತುಂಬಿದ ಹೊಟ್ಟೆ ಬರಿದಾಗುತ್ತದೆ, ಬಿಟ್ಟರೆ ಹುಳದ ಭಯ. ಯಾಕಾದರೂ ಬಾಯಿಬಿಟ್ಟೆನೋ ಅನಿಸಿತು. ಅಷ್ಟರಲ್ಲಿ ಶಬಾನಾ ನಡುವಿನ ಚೌಕವನ್ನು ಮೆಲ್ಲಗೆ ಒತ್ತಿದಳು. ಕಟಕ್ ಎಂದಿತು.

“ಕಟಕ ರೊಟ್ಟಿರೀ ಸರ್! ಬಟ್ಟಿಗೆ ಒಂದು ತೂತೂ ಬಿದ್ದಿಲ್ಲ. ಬಿಚ್ಚೋದು ಬ್ಯಾಡ. ಅನುಮಾನ ಇದ್ರ ಥಂಡಿ ಕೊರೆಯೋ ಪೆಟ್ಟಿಗ್ಯಾಗ ಇಟ್ಟು ತಗಿಯೋಣು, ಇದ್ದ ಹುಳಾನೂ ಸಾಯ್ತಾವ.”

ಸಾಹೇಬರು ಒಪ್ಪಿದರು.

“ಕೌದಿಗೇ ಚಳಿ ಹತ್ತಿದ್ರ ಅದಕ್ಕ ಏನ್ ಹೊಚ್ಚತೀರಿ?” ಎಂದು ಕೇಳಿಯೇಬಿಟ್ಟೆ. ಸಾಹೇಬರೂ ನಕ್ಕರು.

ಒಣಗಿಸಿ ಕಟಕ ಮಾಡಿಯೇ ಇಟ್ಟಿದ್ದೆಯಲ್ಲ ನೀನು! ಆವತ್ತೇ ಒಂದು ಮಾತು ಹೇಳಿದ್ದರೆ ನನ್ನ ಬಸ್ ಪ್ರಯಾಣವಾದರೂ... ಇರಲಿ. ಹೋಗದಿದ್ದರೆ ಆ ಹೆಬ್ಬೆರಳ ಗುರುತು ಎಲ್ಲಿ ಕಾಣುತ್ತಿತ್ತು? ಮೊನ್ನೆ ಮತ್ತೆ ಹೋಗಿ ನೋಡಿದೆ, ಗಾಜಿನ ಪೆಟ್ಟಿಗೆಗೆ ಚೀಟಿ ಅಂಟಿಸಿದ್ದಾರೆ: “ಹೊಲಿದವರು: ನೀಲವ್ವ, ಅರಕೇರಾ. ನಡುವಿನ ಚೌಕದಲ್ಲಿ ರೊಟ್ಟಿ ಇದೆ.” ಅಕ್ಷರ ಕೂಡಿಸದೆ ಓದಿದೆ, ಅತ್ತೀ.

ಇನ್ನೊಂದು ಸುದ್ದಿ. ನಿನ್ನ ಮೊಮ್ಮಗಳು ಹೆರಿಗೆಗೆ ಬಂದಿದ್ದಾಳೆ. ಕೂಸಿಗೆಂದು ನಾನೇ ಕೌದಿ ಹೊಲಿಯುತ್ತಿದ್ದೇನೆ. ನಿನ್ನೆ ನಡುವಿನ ಚೌಕಕ್ಕೆ ರೊಟ್ಟಿ ಇಡುವಾಗ ಅವಳು, “ಯವ್ವಾ, ಹುಳ ಬೀಳ್ತಾವಲ್ಲ!” ಎಂದಳು.

“ನೀ ಸುಮ್ಮನ ದಾರ ಪೋಣಸು ಬೇ,” ಎಂದೆ.

ಈ ಕೌದಿ ಪೆಟ್ಟಿಗೆ ಸೇರುವುದಿಲ್ಲ, ಅತ್ತೀ. ಕೂಸು ಹೊದೆಯಲಿ, ಒದೆಯಲಿ, ಒದ್ದೆ ಮಾಡಲಿ. ಒಗೆದಾಗ ರೊಟ್ಟಿ ಏನಾಗುತ್ತದೋ ಎಂದು... ಇಲ್ಲ, ಕೇಳುವುದಿಲ್ಲ.